ಕುಮುದಾಳಿಗೆ ಬಂದ ಶುಗರ್

ನನ್ನ ಹೆಂಡತಿ ಕುಮುದಾ ಎಚ್ಚರವಾಗಿದ್ದುಕೊಂಡೇ ಕನಸು ಕಾಣುವ ಹೆಂಗಸು. ನಾವಿರುವ ಈ ಪರದೇಶದ ಊರಿನ ಲ್ಯಾವಿಂಗ್ಟನ್ ಬಡಾವಣೆಯ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳಿಗೆ ಚಿತ್ರ ಬರೆಯಲು ಕಲಿಸುತ್ತಾಳೆ. ಸಂಜೆ ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮನೆಗೆಂದು ಇಳಿಯಬೇಕಾದವಳು ಮಟಾಟು ವ್ಯಾನಿನ ಕಿಟಕಿಗೆ ಹಣೆ ಆನಿಸಿ, ಮೋಡ ನೋಡುತ್ತ ನ್ಗಾರಾ ಮಾರುಕಟ್ಟೆಯವರೆಗೂ ಹೋಗಿಬಿಡುತ್ತಾಳೆ. ಅಲ್ಲಿಂದ ಫೋನು: "ರೀ, ಇಲ್ಲಿ ಒಳ್ಳೆ ಹೀರೇಕಾಯಿ ಇದೆ, ತರ್ಲಾ?" ದಾರಿ ತಪ್ಪಿದೆನೆಂದು ಮಾತ್ರ ಯಾವತ್ತೂ ಒಪ್ಪಿದವಳಲ್ಲ.

ಹೋದ ವರ್ಷ ಅವಳಿಗೆ ಅಂಡಾಶಯದ ಕ್ಯಾನ್ಸರ್ ಎಂದು ತಿಳಿಯಿತು. ಆಪರೇಷನ್ ಆಯಿತು, ಕೀಮೊ ಶುರುವಾಯಿತು. ಪರಿಚಯದವರಿಗೂ, ದೂರದ ಕಿಸುಮುವಿನಲ್ಲಿ ಕೆಲಸದಲ್ಲಿರುವ ನಮ್ಮ ಮಗಳು ಮೈತ್ರಿಗೂ "ಗರ್ಭಕೋಶ ತೆಗೆಸಿದೆ" ಎಂದಷ್ಟೇ ಹೇಳಿದಳು. ಕೂದಲು ಉದುರಿದಾಗ ವಿಗ್ ತಂದಳು. ವಾರಕ್ಕೊಂದು ತಲೆಗೂದಲು ಬದಲಿಸುವ ಹೆಂಗಸರ ಊರಿದು, ಯಾರು ಗಮನಿಸುತ್ತಾರೆ? ಮೈತ್ರಿ ಕೂಡ ವಿಡಿಯೋ ಕಾಲ್‌ನಲ್ಲಿ "ಸೋ ಸ್ಟೈಲಿಶ್, ಅಮ್ಮಾ!" ಎಂದು ನಕ್ಕಳು.

ಮೈತ್ರಿಗೆ ಹೇಳಲೇಬೇಕಿತ್ತು. ಈ ಕಾಯಿಲೆ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ, ಕುಮುದಾಳ ರಕ್ತದಲ್ಲಿ ಅದರ ಗುರುತು ಕಂಡಿದೆ, ಮಗಳೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಕುಮುದಾ "ಹೇಳ್ತೀನಿ, ಹೇಳ್ತೀನಿ" ಎನ್ನುತ್ತಲೇ ಇದ್ದಳು. ನಾನು ಹೇಳುತ್ತೇನೆಂದರೆ ಆಣೆ ಹಾಕುತ್ತಿದ್ದಳು. ನನಗೆ ವಿಪರೀತ ಸಿಟ್ಟು ಬರುತ್ತಿತ್ತು, ಅವಳ ಮುಖ ನೋಡಿದರೆ ಇಳಿದೂ ಹೋಗುತ್ತಿತ್ತು.

ಅದೇ ಡಾಕ್ಟರಮ್ಮ ಒಂದು ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದರು. ಕೀಮೊ ಜೊತೆಗೆ ಮೆಟ್‌ಫಾರ್ಮಿನ್ ಕೊಟ್ಟು ನೋಡುವುದಂತೆ. ನಾನು ನಕ್ಕೇಬಿಟ್ಟೆ. ಅದು ನನ್ನ ಮಾತ್ರೆ! ಎಷ್ಟೋ ವರ್ಷಗಳಿಂದ ಶುಗರ್‌ಗೆಂದು ನುಂಗುತ್ತಿದ್ದೇನೆ. ಇದಕ್ಕೂ ಕೆಲಸ ಮಾಡುತ್ತದೆಯೇ ಎಂದು ಕೇಳಿದೆ. ಗೊತ್ತಿಲ್ಲದ್ದಕ್ಕೇ ಈ ಅಧ್ಯಯನ, ಆಸೆ ಇಟ್ಟುಕೊಳ್ಳಿ, ಮಾತು ಕೊಡಲಾರೆ ಎಂದರು. ಆ ಔಷಧಿಯ ಮೂಲ ನೇರಳೆ ಹೂ ಬಿಡುವ ಒಂದು ಗಿಡವೆಂದೂ ಹೇಳಿದರು. ಕುಮುದಾ ಉಳಿದದ್ದನ್ನೆಲ್ಲ ಬಿಟ್ಟು ಅದೊಂದನ್ನೇ ಹಿಡಿದುಕೊಂಡಳು.

ಅವಳ ಶಾಲೆಗೆ ರಜೆಯಿದ್ದ ಆ ಮಧ್ಯಾಹ್ನಗಳು ಈಗಲೂ ಕಣ್ಣಿಗೆ ಕಟ್ಟಿವೆ. ಊಟವಾದ ಮೇಲೆ ಇಬ್ಬರೂ ಒಂದೇ ಬಗೆಯ ಮಾತ್ರೆ ನುಂಗುತ್ತಿದ್ದೆವು, ನಾನು ನನ್ನ ರೋಗಕ್ಕೆ, ಅವಳು ಅವಳ ರೋಗಕ್ಕೆ. ಆಮೇಲೆ ಸೋಫಾದಲ್ಲಿ ಕಾಲು ಮಡಿಚಿಕೊಂಡು, ಕಣ್ಣು ಮುಚ್ಚಿ ಹೇಳುತ್ತಿದ್ದಳು, "ಹೊಟ್ಟೆಯೊಳಗೆ ದೊಡ್ಡ ಹೂವಿನ ಬಯಲು ಇದೆ ರೀ. ಸೊಂಟದ ತನಕ ನೇರಳೆ. ಗಾಳಿ ಇದೆ, ಸದ್ದೇ ಇಲ್ಲ. ನಾನು ನಡ್ಕೊಂಡು ಹೋಗ್ತಾ ಇದೀನಿ."

"ನಾನೆಲ್ಲಿ?"

"ನೀವು ಬದೀಲಿ ನನ್ನ ಚಪ್ಲಿ ಕಾಯ್ತಾ ಇದೀರ."

ಹೊರಗೆ ಬೆಣ್ಣೆಹಣ್ಣಿನ ಮರದ ಮೇಲೆ ಮೋಡ ಕವಿಯುತ್ತಿತ್ತು. ನನಗೂ ಜೊಂಪು ಹತ್ತಿ, ಅವಳ ಹೂಗಳು ನನ್ನ ನಿದ್ದೆಗೂ ಬರುತ್ತಿದ್ದವು. ಎಚ್ಚರವಾದರೆ, ಅವಳ ಉಸಿರು ಕೇಳಿಸುವವರೆಗೆ ನಾನು ಅಲುಗಾಡುತ್ತಿರಲಿಲ್ಲ. ಅಷ್ಟು ಭಯ ನನಗೆ.

ಒಂದು ದಿನ ಅವಳ ಚೀಲದಿಂದ ಮಾತ್ರೆಯ ಸ್ಟ್ರಿಪ್ ಜಾರಿ ಬಿತ್ತು. ನಮ್ಮ ಕನ್ನಡದವರ ಗುಂಪಿನ ಊರ್ಮಿಳಾ ಎತ್ತಿಕೊಟ್ಟು, "ಅಯ್ಯೋ, ನಿಮಗೂ ಶುಗರ್ರಾ?" ಎಂದರು. ಕುಮುದಾ "ಹ್ಞೂಂ" ಎಂದುಬಿಟ್ಟಳು. ಕ್ಯಾನ್ಸರ್ ಎಂದರೆ ಜನ ದನಿ ತಗ್ಗಿಸುತ್ತಾರೆ, ಶುಗರ್ ಎಂದರೆ ತಮ್ಮದನ್ನೂ ಹೇಳಿಕೊಳ್ಳುತ್ತಾರೆ. ಮೈತ್ರಿಗೂ ಅದೇ ಸುಳ್ಳು ಹೋಯಿತು. ಮನೆಗೆ ಹಾಗಲಕಾಯಿ ರಸ, ಮೆಂತ್ಯದ ಪುಡಿ ಬರತೊಡಗಿದವು. ನಿಜವಾದ ಶುಗರ್‌ನವನು ನಾನು, ಯಾರೆದುರೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟರೆ ಹೋಳಿಗೆ ಯಾರು ಬಡಿಸುತ್ತಾರೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈ ಯುಗಾದಿಗೆ ಊರ್ಮಿಳಾ ಮನೆಯಲ್ಲಿ ಸೇರಿದ್ದೆವು. ಮೈತ್ರಿಯೂ ಬಂದಿದ್ದಳು. ಊರ್ಮಿಳಾ ತಟ್ಟೆಯ ಒಂದು ಕಡೆ ಬೇವು, ಇನ್ನೊಂದು ಕಡೆ ಬೆಲ್ಲ ಇಟ್ಟುಕೊಂಡು ಹಂಚುತ್ತ ಬಂದರು. ಕುಮುದಾಳ ಅಂಗೈಗೆ ಬರೀ ಬೇವು ಹಾಕಿದರು.

"ನಿಮಗೆ ಬೆಲ್ಲ ಬೇಡ ಅಲ್ವಾ? ಬೇವು ಶುಗರ್‌ಗೆ ಒಳ್ಳೇದು. ಇಲ್ಲಿನವರು ಮ್ವಾರೊಬೈನಿ ಅಂತಾರೆ, ನಲವತ್ತು ಕಾಯಿಲೆಗೆ ಮದ್ದಂತೆ." ಆಮೇಲೆ ನನ್ನತ್ತ ತಿರುಗಿದರು. "ರಮಾನಂದ್, ನೀವು ಬೆಲ್ಲದ ದೊಡ್ಡ ಚೂರು ತಗೊಳ್ಳಿ."

ಕುಮುದಾ ಬೇವನ್ನು ನಿಧಾನವಾಗಿ ಅಗಿದಳು. ಅವಳ ಕಣ್ಣು ತುಂಬಿತು. ಕಹಿಗೆ ಎಂದುಕೊಂಡರು ಎಲ್ಲರೂ. ಆಮೇಲೆ ಅವಳು ಕೈ ಚಾಚಿದಳು. "ಬೆಲ್ಲ ಕೊಡಿ ಊರ್ಮಿಳಾ. ಬರೀ ಕಹಿ ಸಾಕಾಗಿದೆ ನಂಗೆ. ನನಗೆ ಶುಗರ್ ಇಲ್ಲ. ಶುಗರ್ ಇರೋದು ಇವರಿಗೆ."

ಎಲ್ಲರ ಕಣ್ಣೂ ಬೆಲ್ಲದಿಂದ ಉಬ್ಬಿದ ನನ್ನ ಕೆನ್ನೆಯ ಮೇಲೆ. ಕೋಣೆಯೆಲ್ಲ ನಗು. ಮೈತ್ರಿ ಒಬ್ಬಳು ನಗಲಿಲ್ಲ.

"ದೆನ್, ಆ ಟ್ಯಾಬ್ಲೆಟ್ಸ್ ಯಾಕಮ್ಮಾ?"

ಕುಮುದಾ ಅವಳ ಕೈ ಹಿಡಿದು ಬಾಲ್ಕನಿಗೆ ಕರೆದೊಯ್ದಳು. ನಾನೂ ಹಿಂದೆ ಹೋದೆ. ಕಾಯಿಲೆ, ಕೀಮೊ, ಮಾತ್ರೆ ಎಲ್ಲ ಹೇಳಿದಳು, ಕೊನೆಗೆ ಪರೀಕ್ಷೆಯ ವಿಷಯವನ್ನೂ ಹೇಳಿದಳು.

"ನಿಂಗೂ ಇಳಿದಿರಬಹುದು ಅನ್ನೋಕೆ ಬಾಯೇ ಬರ್ಲಿಲ್ಲ ಪುಟ್ಟಿ. ನಾನೇ ಕೈಯಾರೆ ಕೊಟ್ಟ ಹಾಗಾಗುತ್ತಲ್ಲ."

ಮೈತ್ರಿ ಕಂಬಿ ಬಿಟ್ಟು ಅಮ್ಮನ ಕಡೆ ತಿರುಗಿದಳು.

"ನಂಗೂ ಇದ್ರೆ, ನಾನೂ ನಿಂಗೆ ಶುಗರ್ ಅಂತ ಹೇಳ್ಬೇಕಾ ಅಮ್ಮಾ?"

ಕುಮುದಾ ಎರಡೂ ಕೈಯಿಂದ ಅವಳ ಮುಖ ಹಿಡಿದಳು. "ಬೇಡ ಕಣೇ. ಎಲ್ಲರಿಗಿಂತ ಮೊದ್ಲು ನಂಗೇ ಹೇಳು."

"ಹಾಗಾದ್ರೆ ಸೋಮವಾರ ಡಾಕ್ಟರ್ ಹತ್ರ ನನ್ನೂ ಕರ್ಕೊಂಡು ಹೋಗು, ಟೆಸ್ಟ್ ಮಾಡಿಸ್ಕೊಳ್ತೀನಿ," ಎಂದಳು ಮೈತ್ರಿ.