ತಲೆಕೆಳಗಾಗಿ ನಿಂತ ಹಲಸಿನ ಕಂಬ

ಅಂಗಳದಲ್ಲಿ ಮಲಗಿಸಿದ್ದ ಹಳೆಯ ಕಂಬವನ್ನು ಉಗುರಿನಿಂದ ಗೀರಿ ನೋಡುತ್ತ ಬಡಗಿ ಶೀನ ಆಚಾರಿ ಕೇಳಿದರು, "ಮೇಡಂ, ಇದರ ತಲೆ ಯಾವ ಕಡೆ, ಗೊತ್ತುಂಟಾ?"

ನನಗೆ ನಗು ಬಂತು. ನಾನು ಬಾಗಲಕೋಟೆಯ ಕಡೆಯವಳು. ನಮ್ಮಲ್ಲಿ ಮನೆ ಎಂದರೆ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಕಲ್ಲಿಗೆ ತಲೆಯೂ ಇಲ್ಲ, ಕಾಲೂ ಇಲ್ಲ.

ಕಟ್ಟಡ ವಿನ್ಯಾಸ ಕಲಿಸಲು ಮಣಿಪಾಲದ ಕಾಲೇಜಿಗೆ ಬಂದು ಎರಡು ಮಳೆಗಾಲ ಕಳೆದಿದ್ದವು. ಬಾಡಿಗೆ ಕೋಣೆಯಲ್ಲಿ ಬಟ್ಟೆಗೆಲ್ಲ ಬೂಷ್ಟು ಹಿಡಿಯುವುದಕ್ಕೂ, ರೊಟ್ಟಿ ಬಿಟ್ಟು ಕುಚ್ಚಲಕ್ಕಿ ಗಂಜಿ ಉಣ್ಣುವುದಕ್ಕೂ ಒಗ್ಗಿಕೊಂಡಿದ್ದೆ. ಅಷ್ಟಕ್ಕೇ ಈ ಊರನ್ನು ಅರೆದು ಕುಡಿದವಳಂತೆ ಆಡುತ್ತಿದ್ದೆ.

ಹತ್ತಿರದ ಹಿರಿಯಡ್ಕದಲ್ಲಿ ಪರಿಚಯದ ಜಯಂತಿಯಕ್ಕ ಮನೆ ಕಟ್ಟಿಸುತ್ತಿದ್ದರು. ಎಲ್ಲೂರಿನ ಅವರ ಅಜ್ಜನ ಮನೆ ಬಿಚ್ಚಿದಾಗ ಸಿಕ್ಕಿದ ಮರದಿಂದಲೇ, ಅಂಥದೇ ಕಂಬದ ಚಾವಡಿ, ನಮ್ಮ ಕಡೆಯ ಪಡಸಾಲೆ, ಬೇಕೆಂದಿದ್ದರು. ಹೊಸ ಮರ ಕಡಿಯುವುದಿಲ್ಲ ಎಂದು ನಾನು ಜಂಬದಿಂದ ಮಾತು ಕೊಟ್ಟಿದ್ದೆ. ನಕ್ಷೆ ನನ್ನದು, ಕೆಲಸ ಶೀನ ಆಚಾರಿಯವರದು.

ಆ ಕಂಬದ ಬುಡ ನೀರು ಕುಡಿದು ಕುಂಬಾಗಿತ್ತು. ಕೊಳೆತಷ್ಟನ್ನು ಕೆತ್ತಿ ತೆಗೆದು, ಗಟ್ಟಿಯಿರುವ ತುದಿಯನ್ನು ಕೆಳಗೆ ಮಾಡಿ ನಿಲ್ಲಿಸಿ ಎಂದೆ.

"ಮರ ಬೆಳೆದ ಹಾಗೆಯೇ ನಿಲ್ಲಬೇಕು ಮೇಡಂ. ಬುಡ ಮೇಲಾದರೆ ಮನೆಯವರಿಗೆ ಒಳ್ಳೆಯದಲ್ಲ. ಅಡಿಗೆ ಬೇರೆ ತುಂಡು ಜೋಡಿಸುವ, ಆಗದಾ?"

"ನಕ್ಷೆ ಮಾಡಿದಾಕಿ ನಾನು. ಹೇಳಿದಷ್ಟ ಮಾಡ್ರಿ," ಎಂದೆ, ಕೆಲಸದವರೆಲ್ಲರ ಮುಂದೆ. ಅದೇ ಸಂಜೆ ಮಣಿಪಾಲದಲ್ಲಿ, ಊರಿನ ಕುಶಲಕರ್ಮಿಗಳಿಂದ ಕಲಿಯಬೇಕು ಎಂದು ವಿದ್ಯಾರ್ಥಿಗಳಿಗೆ ಭಾಷಣ ಬಿಗಿದೆ. ಚಪ್ಪಾಳೆಯೂ ಬಿತ್ತು.

ಕಂಬ ನಿಂತ ಮೇಲೆ ಜಯಂತಿಯಕ್ಕ ನೋಡಲು ಬಂದರು. ಅವರ ಅಜ್ಜ ದಿನವೂ ಒರಗಿ ಕೂತು, ತಲೆಯ ಎಣ್ಣೆ ಹಿಡಿದ ಕಪ್ಪು ಕಲೆಯೊಂದು ಆ ಕಂಬದಲ್ಲಿತ್ತು. ಅದೀಗ ಚಾವಣಿಯ ಹತ್ತಿರ, ಕೈಗೆ ಎಟುಕದಷ್ಟು ಎತ್ತರದಲ್ಲಿತ್ತು.

"ಇದೆಂತ ಆಚಾರ್ರೇ? ನಿಮಗೂ ಇಷ್ಟು ಗೊತ್ತಾಗಲಿಲ್ವಾ?" ಅವರ ಕಣ್ಣು ತುಂಬಿತ್ತು.

ಶೀನ ಆಚಾರಿ ನನ್ನನ್ನೊಮ್ಮೆ ನೋಡಿದರು. "ತಪ್ಪಾಯಿತು ಅಕ್ಕ. ಈಗ ಕಣ್ಣು ಸರಿ ಕಾಣುವುದಿಲ್ಲ."

ನಾನು ನಕ್ಷೆಯ ಹಾಳೆ ಸುತ್ತತೊಡಗಿದೆ.

ಶೀನ ಆಚಾರಿ ಕಂಬ ಇಳಿಸಿ, ತಮ್ಮ ಮನೆಯಲ್ಲಿದ್ದ ಹಲಸಿನ ತುಂಡೊಂದನ್ನು ತಂದು ಬುಡಕ್ಕೆ ಕೂಡಿಸಿದರು. ಬೆರಳಾಡಿಸಿದರೂ ಸಂದು ತಿಳಿಯುವುದಿಲ್ಲ. ಅಜ್ಜನ ಕಲೆ ತನ್ನ ಜಾಗಕ್ಕೆ ಬಂತು.

ಮನೆ ಒಕ್ಕಲಿನ ದಿನ ಜಯಂತಿಯಕ್ಕ ನನ್ನ ಕೈ ಹಿಡಿದು, "ಇವರೀಗ ನಮ್ಮ ಊರಿನವರೇ ಅಲ್ವಾ," ಎಂದು ಎಲ್ಲರಿಗೂ ಪರಿಚಯಿಸಿದರು. ಎರಡು ವರ್ಷ ಕಾದಿದ್ದ ಮಾತು ಅದು. ಊಟಕ್ಕೆ ಕೂತಾಗ ಪಕ್ಕದವರು ಕೇಳಿದರು: "ನಮ್ಮದೂ ಒಂದು ಮರದ ಕೆಲಸ ಉಂಟು. ಶೀನ ಆಚಾರಿಗೆ ಕಣ್ಣು ಕಾಣುವುದಿಲ್ಲವಂತೆ, ಹೌದಾ?"

ಪಾಯಸ ಬಡಿಸುತ್ತಿದ್ದರು. ನಾನು ತಲೆ ತಗ್ಗಿಸಿ ಎಲೆ ನೋಡಿದೆ.

ಬಾಗಲಕೋಟೆಯ ನನ್ನ ಊರಿನವರೇ, ಇದನ್ನೆಲ್ಲ ನಿಮಗೆ ಸುಲಭವಾಗಿ ಬರೆದುಬಿಟ್ಟೆ. ಅಲ್ಲಿ ಶೀನ ಆಚಾರಿ ಯಾರೆಂದು ಯಾರಿಗೂ ಗೊತ್ತಿಲ್ಲ. ಅವರ ಕಣ್ಣು ಚೆನ್ನಾಗಿದೆ ಎಂದು ನಾನು ಹೇಳಬೇಕಾದದ್ದು ಹಿರಿಯಡ್ಕದಲ್ಲಿ. ಹೇಳಿದರೆ ನಾನು ಮತ್ತೆ ಹೊರಗಿನವಳು. ಇನ್ನೂ ಹೇಳಿಲ್ಲ.