ಜಿರಳೆ ಬಕೆಟ್ಟು ಮತ್ತು ನನ್ನ ಹೊಗೆಸೊಪ್ಪಿನ ಕೈ

ತೊಂಬತ್ತರ ದಶಕ ಮುಗಿಯುತ್ತಿದ್ದಾಗ ನನ್ನ ತಮ್ಮ ಹಾಸನದ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಿದ್ದ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಅವನು ಬಿಡಿಸಿ ಹೇಳಿದಷ್ಟೇ ಅರ್ಥವಾಗಿದ್ದು. ಜಿರಳೆ ಮೊಟ್ಟೆಯೊಳಗಿನ ಮರಿಯ ನರಕೋಶಗಳನ್ನು ತೆಗೆದು, ಗಾಜಿನ ತಟ್ಟೆಯಲ್ಲಿ ಪೋಷಕ ದ್ರವ ಹಾಕಿ ಬೆಳೆಸುತ್ತಾರಂತೆ. ಮೊದಮೊದಲು ಕರೆಂಟು ತಾಗಿಸಿದರೂ ಅವು ಸುಮ್ಮನಿರುತ್ತವೆ. ಎಳೆ ಚಾಚಿಕೊಳ್ಳುತ್ತಾ ಬಂದಂತೆ, ಅವುಗಳ ಮಿಡಿತ ತೋರಿಸುವ ಯಂತ್ರದ ಪರದೆಯ ಮೇಲಿನ ಗೆರೆ ಮೆಲ್ಲಗೆ ಉಬ್ಬುತ್ತದೆ. ಬಲಿತ ಮೇಲೆ ಮುಟ್ಟದಿದ್ದರೂ ಚಕ್ಕನೆ ನೆಗೆಯುತ್ತದೆ. ಆ ನೆಗೆತ ಹೇಗೆ ಶುರುವಾಗುತ್ತದೆಂದು ತೋರಿಸಿದರೆ ಅವನಿಗೆ ಡಾಕ್ಟರೇಟ್.

ಒಂದು ರಜೆಯಲ್ಲಿ ಕಾಲೇಜಿಗೆ ಬೀಗ ಬಿತ್ತೆಂದು ಜಿರಳೆ ತುಂಬಿದ ಬಕೆಟ್ಟನ್ನು ರಾಮನಾಥಪುರದ ಹತ್ತಿರದ ನಮ್ಮ ಮನೆಗೆ ತಂದ.

“ಮನೇಲಿರೋ ಜಿರಳೆ ಒಡೆಯಕ್ಕೇ ಪುರುಸೊತ್ತಿಲ್ಲ ನಂಗೆ, ನೀನು ಸಾಕಕ್ ತಂದಿದ್ದೀಯಲ್ಲಾ!”

“ಇವು ಕಾಲೇಜ್ ಜಿರಳೆ ಕಣಕ್ಕ, ಮರ್ಯಾದೆ ಕೊಡು. ಕ್ಯಾರೆಟ್ ಆಕು. ಕೈ ಮಾತ್ರ ಚೆನ್ನಾಗ್ ತೊಳ್ಕಂಡು ಮುಟ್ಟು,” ಎಂದು ಹೇಳಿ ಗೆಳೆಯನ ಮದುವೆಗೆ ಹೊಳೆನರಸೀಪುರಕ್ಕೆ ಹೋದ.

ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಒಣಗಿಸಿ ಬೇಯಿಸುವ ಕಾಲ. ಹಸಿ ಎಲೆ ಕಡ್ಡಿಗೆ ಕಟ್ಟಿ ಕಟ್ಟಿ ಕೈಗೆ ಕಪ್ಪು ಅಂಟು ಮೆತ್ತಿತ್ತು; ಸೋಪಿಗೂ ಅದು ಸುಲಭಕ್ಕೆ ಬಿಡುವುದಿಲ್ಲ. ಸೊಪ್ಪಿನ ರಾಶಿ ಕಾಯುತ್ತಿತ್ತು. ಸೆರಗಿಗೆ ಕೈ ಒರೆಸಿಕೊಂಡು ಕ್ಯಾರೆಟ್ ಮುರಿದು ಹಾಕಿದೆ.

ಬೆಳಿಗ್ಗೆ ನೋಡಿದರೆ ಮುಕ್ಕಾಲು ಪಾಲು ಅಂಗಾತ ಬಿದ್ದಿದ್ದವು. ಕೆಲವು ಕಾಲು ನಡುಗಿಸುತ್ತಿದ್ದವು. ಮೆಣಸಿನ ಗಿಡದ ಹುಳಕ್ಕೆ ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸುವವಳು ನಾನೇ. ಕಾರಣ ಬೇರೆ ಹುಡುಕಬೇಕಿರಲಿಲ್ಲ. ಸತ್ತವನ್ನು ತಿಪ್ಪೆಗೆ ಎಸೆದೆ. ಮದುವೆ ಮುಗಿಸಿ ಬಂದ ತಮ್ಮ ಬಕೆಟ್ಟಿಗೆ ಬಗ್ಗಿ ನೋಡಿದ.

“ಕಮ್ಮಿ ಆದಂಗವಲ್ಲಕ್ಕ?”

“ತಂಡಿಗೆ ಒಂದಷ್ಟು ಸತ್ತೋದ್ವು ಕಣ್ಲಾ.”

ಓದಿಲ್ಲದವಳ ಕೈಗೆ ಕೊಟ್ಟು ಕೆಟ್ಟೆ ಅಂದುಬಿಡುತ್ತಾನೇನೋ ಎಂಬ ಭಯ. ಅವನು ನಂಬಿ, ಉಳಿದವನ್ನು ಮೊಟ್ಟೆಗಳ ಸಮೇತ ಒಯ್ದ.

ಆ ಮೊಟ್ಟೆಗಳ ನರಕೋಶಗಳು ಎಳೆಯನ್ನೇನೋ ಚಾಚಿದವು, ನೆಗೆತ ಬರಲೇ ಇಲ್ಲ. ಅವನು ಪೋಷಕ ದ್ರವವನ್ನು ಅನುಮಾನಿಸಿದ. ಉಪ್ಪು ಬದಲಿಸಿದ, ಸಕ್ಕರೆ ಬದಲಿಸಿದ, ಅದೇ ಜಿರಳೆಗಳ ಸಂತಾನದಲ್ಲೇ ಮತ್ತೆ ಮತ್ತೆ ಮಾಡಿದ. ಊರಿಗೆ ಬಂದಾಗೆಲ್ಲ ಇದೇ ಗೋಳು. ನಾನು ಸಾರು ಬಡಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಕೊನೆಗೆ ಸ್ಕಾಲರ್‌ಶಿಪ್ ನಿಂತು, ಚನ್ನರಾಯಪಟ್ಟಣದಲ್ಲಿ ಹೈಸ್ಕೂಲು ಮೇಷ್ಟ್ರಾದ.

ವರ್ಷಗಳಾದ ಮೇಲೆ ಅವನು ಊಟಕ್ಕೆ ಕೂತಿದ್ದಾಗ, ಕೈ ತೊಳೆಯದೆ ಕ್ಯಾರೆಟ್ ಹಾಕಿದ್ದನ್ನು ಹೇಳಿಬಿಟ್ಟೆ. ಕಲಸಿದ ತುತ್ತು ಅವನ ಕೈಯಲ್ಲೇ ಉಳಿಯಿತು.

“ಅವತ್ತೇ ಏಳಿದ್ರೆ ಬ್ಯಾರೆ ಜಿರಳೆ ಇಡ್ಕತಿದ್ನಲ್ಲಕ್ಕ. ಜಿರಳೆಗೇನ್ ಬರವಾ?”

ಓದಿಲ್ಲದವಳು ಎಂದು ಅನ್ನಲಿಲ್ಲ. ಹೊಗೆಸೊಪ್ಪೇ ಕಾರಣವೋ ಅಲ್ಲವೋ, ಈಗ ಯಾರು ಹೇಳಬೇಕು? ತಿಳಿಯುವ ದಾರಿಯನ್ನೇ ನಾನು ಮುಚ್ಚಿದ್ದೆ. ಉಂಡ ತಟ್ಟೆಯನ್ನು ಯಾವತ್ತೂ ನನಗೇ ಬಿಡುತ್ತಿದ್ದವನು ಅವತ್ತು ನಾನು ಕೈ ಚಾಚಿದರೂ ಕೊಡದೆ, ಎದ್ದು ತಾನೇ ತೊಳೆದಿಟ್ಟ.