ಲಾರಿಗೆ ಎದುರು ಬಂದ ಹನುಮಕ್ಕ

ಹನುಮಕ್ಕನಿಗೆ ಕೋಪ ಬಂದರೆ ಅವಳು ಮಾತಾಡುತ್ತಿರಲಿಲ್ಲ. ಪಾತ್ರೆಗಳು ಮಾತಾಡುತ್ತಿದ್ದವು. ಕೇತಮಾರನಹಳ್ಳಿಯ ಆ ಮನೆಯ ಅಂಗಳದಲ್ಲಿ ನಾನು ಲಾರಿ ಕೆಳಗೆ ಮಲಗಿ ಕೆಲಸ ಮಾಡುವಾಗ, ಒಳಗಿನ ಸದ್ದು ಕೇಳಿಯೇ ಅವತ್ತಿನ ಸಂಗತಿ ತಿಳಿದುಕೊಳ್ಳುತ್ತಿದ್ದೆ.

ಲಾರಿ ಅವಳ ಗಂಡ ಚಿಕ್ಕಣ್ಣನದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಲಾರಿಗಳಲ್ಲಿ ಒಂದು. ಅವನೂ ನಾನೂ ಒಂದೇ ಕಡೆ ಡ್ರೈವರ್ ಆಗಿದ್ದವರು. ಅವರ ರಾಗಿ ಹೊಲ ರಾಜಾಜಿನಗರ ಬಡಾವಣೆಗೆ ಸೇರಿ, ಅದರ ಮೇಲೆ ಸೈಟಿನ ಕಲ್ಲು ನೆಟ್ಟ ವರ್ಷ ಚಿಕ್ಕಣ್ಣ ನನ್ನ ಹತ್ತಿರ ಬಂದ.

"ನೆಲ ಹೋಯ್ತು ಕಣೋ ಅಂಜಿನಯ್ಯ. ಇನ್ನು ಚಕ್ರದ ಮೇಲೇ ಮನೆ ಕಟ್ತೀನಿ. ಅವ್ವನ್ನ, ಹನುಮಿನ ಕೂರುಸ್ಕೊಂಡು ಕಾಶಿಗೆ ಹೋಗ್ತೀನಿ."

"ರೈಲು ಇದೆಯಲ್ಲೋ."

"ರೈಲಲ್ಲಿ ಮುದ್ದೆ ತೊಳಸೋಕಾಗುತ್ತಾ?"

ಕಟ್ಟಿದ. ಎರಡು ಕಡೆಗೂ ಮಲಗಲು ಹಲಗೆ, ಹಗಲು ಮಡಚಿ ಸರಪಳಿ ಹಾಕಿ ನಿಲ್ಲಿಸುವಂಥದ್ದು. ಮೂಲೆಯಲ್ಲಿ ಸೀಮೆಎಣ್ಣೆ ಒಲೆ. ನೀರಿಗೆ ಒಂದು ಪೀಪಾಯಿ. ಹಲಗೆ ಹಿಡಿದವಳು ಹನುಮಕ್ಕ. ಪರದೆ ಹೊಲಿದವಳು ಹನುಮಕ್ಕ. ಲಾರಿಯ ಬ್ಯಾಟರಿ ಸತ್ತಿತ್ತು, ಮುಂದೆ ನಿಂತು, ಮೂತಿಯೊಳಗೆ ಕಬ್ಬಿಣದ ಹ್ಯಾಂಡ್ಲು ತೂರಿಸಿ ಹೊಡೆದರೇನೇ ಎಂಜಿನ್ ಏಳುತ್ತಿದ್ದದ್ದು. ಚಿಕ್ಕಣ್ಣ ಸೀಟಲ್ಲಿ ಕೂತರೆ ಹ್ಯಾಂಡ್ಲು ಹೊಡೆಯುವವಳೂ ಅವಳೇ. "ಹೆಬ್ಬೆರಳು ಸುತ್ಬೇಡ ಕಣೇ, ತಿರುಗಿ ಒದ್ರೆ ಮುರಿದೋಗುತ್ತೆ" ಎಂದು ಅವನು ಒಳಗಿಂದ ಕೂಗುತ್ತಿದ್ದ.

ಕೆಲಸ ಮುಗಿಯುವ ಹೊತ್ತಿಗೆ ಚಿಕ್ಕಣ್ಣನಿಗೆ ಜ್ವರ ಬಂತು. ಹೋಗಿಬಿಟ್ಟ.

ಲಾರಿ ಅಂಗಳದಲ್ಲೇ ನಿಂತಿತು. ಕೋಳಿಗಳು ಅದರ ಕೆಳಗೆ ಮೊಟ್ಟೆ ಇಟ್ಟವು. ಒಂದು ದಿನ ಹನುಮಕ್ಕ ಹೇಳಿ ಕಳಿಸಿದಳು. ಹೋದೆ. "ಎಂಜಿನ್ ತುಕ್ಕು ಹಿಡಿಯುತ್ತೆ ಅಣ್ಣಾ. ನೀ ಒಳಗೆ ಕೂತ್ಕೊ, ನಾ ಹೊಡೀತೀನಿ" ಅಂದಳು. ಆಮೇಲೆ ಬಿಡುವಾದ ಭಾನುವಾರವೆಲ್ಲ ಅದೇ ಕೆಲಸ. ಲಾರಿ ಬದುಕಿಕೊಂಡಿತು.

ಎರಡು ವರ್ಷ ಕಳೆದ ಮೇಲೆ ಚಿಕ್ಕಣ್ಣನ ಅಣ್ಣ ಮುನಿರಾಮಯ್ಯನಿಗೆ ಕಾಶಿ ನೆನಪಾಯಿತು. ತಾಯಿ ಗಂಗಲಕ್ಷ್ಮಮ್ಮನ ಕಣ್ಣು ಮಂಜಾಗುತ್ತಿತ್ತು, ಪೂರ್ತಿ ಕಾಣದಂತಾಗುವುದರೊಳಗೆ ಗಂಗೆ ತೋರಿಸಬೇಕು ಅಂದ. ಸಂಜೆ ಸಂಜೆ ಜಗಲಿ ಮೇಲೆ ಮಾತು. ನಾನು ಸರಕು ತುಂಬಿಕೊಂಡು ನಾಗಪುರದವರೆಗೆ ಹೋಗಿದ್ದವನು. ಕರ್ನೂಲು, ಹೈದರಾಬಾದು, ನಾಗಪುರ, ಅಲ್ಲಿಂದಾಚೆ ಕೇಳಿಕೊಂಡು ಹೋಗೋಣ ಅಂದೆ. ಮುನಿರಾಮಯ್ಯನಿಗೆ ದಾರಿಯ ಚಿಂತೆ ಇರಲಿಲ್ಲ.

"ಆ ಕಡೆ ರಾಗಿ ಸಿಗಲ್ವಂತೆ ಕಣೋ. ಬರೀ ಗೋಧಿ. ಕಾಶಿ ಮುಟ್ಟೋದ್ರೊಳಗೆ ಹೊಟ್ಟೆ ಗತಿ ಏನು?"

ಎರಡು ಮೂಟೆ ರಾಗಿ ಹೇರಿಸಿದ. ಬೀಸೋಕಲ್ಲನ್ನೂ ಅದೇ ಬದಿಗೆ ಇಡಿಸಿದ. ಲಾರಿ ಒಂದು ಕಡೆಗೆ ವಾಲಿತು.

"ಬೀಸೋಕಲ್ಲು ಯಾಕೆ ಭಾವ? ವಿಶ್ವನಾಥಂಗೆ ಹಿಟ್ಟು ಬೀಸ್ಕೊಡ್ತೀರಾ?" ಅಂದಳು ಹನುಮಕ್ಕ.

ಗಂಗಲಕ್ಷ್ಮಮ್ಮ ಬೊಚ್ಚು ಬಾಯಲ್ಲಿ ನಕ್ಕಳು. ಮುನಿರಾಮಯ್ಯ ನಗಲಿಲ್ಲ. ಕಲ್ಲೂ ಇಳಿಯಲಿಲ್ಲ.

ಹೊರಡುವ ಹಿಂದಿನ ಸಂಜೆ ಅವನು ನನ್ನನ್ನು ಪಕ್ಕಕ್ಕೆ ಕರೆದ.

"ನಾಳೆ ಆರತಿ ಎತ್ತಿ ಹೊರಡೋದು. ಲಾರಿಗಿದು ಮೊದಲ್ನೇ ಪ್ರಯಾಣ. ಹನುಮಿ ಎದುರಿಗೆ ಬರೋದು ಬೇಡ. ಗಂಡ ಸತ್ತೋಳು. ಮುಂಚೇನೇ ಹೋಗಿ ಹೆಬ್ಬಾಳದ ಕೆರೆ ಏರಿ ಹತ್ರ ನಿಂತಿರ್ಲಿ. ಅಲ್ಲಿ ಹತ್ತುಸ್ಕೊಂಡ್ರಾಯ್ತು."

ನನಗೆ ಮೈ ಉರಿಯಿತು. "ನಿಮ್ಮವ್ವನೂ ಗಂಡ ಇಲ್ದೋರೇ ಅಲ್ವಾ?"

"ಅವ್ವನ್ನ ಕತ್ಲಲ್ಲೇ ಒಳಗೆ ಕೂರ್ಸಿ ಪರದೆ ಎಳೀತೀನಿ. ಮುದುಕಿ, ಅಷ್ಟು ದೂರ ಹೆಂಗೆ ನಡೆಸೋದು?"

"ಈ ಲಾರಿ ಕಟ್ಟಿದ್ದು ಹನುಮಕ್ಕ."

"ನಿಂಗ್ಯಾಕೋ ಅದೆಲ್ಲ? ನೀನು ಡ್ರೈವರ್ರು. ಸ್ಟೇರಿಂಗ್ ನೋಡ್ಕೊ."

ನನ್ನ ಕೈಯಲ್ಲಿ ಸ್ಪ್ಯಾನರ್ ಇತ್ತು. ಕೆಳಗಿಟ್ಟೆ.

ಒಳಗೆ ಕೊಡಪಾನ ನೆಲಕ್ಕೆ ಬಿತ್ತು. ಹನುಮಕ್ಕ ಬಾಗಿಲಿಗೆ ಬಂದಳು. ಎಲ್ಲ ಕೇಳಿಸಿಕೊಂಡಿದ್ದಳು. "ಆಗ್ಲಿ ಭಾವ, ಹೆಬ್ಬಾಳಕ್ಕೆ ಹೋಗ್ತೀನಿ. ಲಾರಿ ಅಲ್ಲಿಗೆ ಬಂದ್ರೆ ಹತ್ತೀನಿ."

"ನೋಡ್ದಾ? ತಿಳುವಳಿಕೆ ಇರೋ ಹೆಂಗ್ಸು" ಅಂದ ಮುನಿರಾಮಯ್ಯ. ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಮರುದಿನ ಶುಕ್ರವಾರ. ಹನುಮಕ್ಕ ಗಂಟು ಹೊತ್ತು ಮೊದಲೇ ಹೊರಟುಹೋಗಿದ್ದಳು. ಲಾರಿಯ ಮೂತಿಗೆ ಅರಿಶಿನ ಕುಂಕುಮ ಬಳಿದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಬೀದಿಯ ತುಂಬ ನೆಂಟರು; ಜೊತೆಗೆ ಕಾಶಿಗೆ ಬರುವವರು ತಮ್ಮ ಗಂಟುಗಳನ್ನು ಲಾರಿಗೆ ಏರಿಸಿದ್ದರು. ಆಂಜನೇಯನ ಗುಡಿಯ ಪೂಜಾರಿ ಕಾಯಿ ಒಡೆದು, "ರಾಹುಕಾಲ ಬರ್ತದೆ, ಬೇಗ ಹೊರಡ್ರಿ" ಅಂದ. ಮುನಿರಾಮಯ್ಯ ನನ್ನ ಪಕ್ಕದ ಸೀಟಿನ ಮೇಲೆ ತನ್ನ ಟವಲು ಹಾಸಿ ಜಾಗ ಹಿಡಿದ.

"ಹ್ಯಾಂಡ್ಲು ಹೊಡೀರಿ" ಅಂದೆ.

ಹ್ಯಾಂಡ್ಲು ಇರಲಿಲ್ಲ. ಸೀಟಿನ ಕೆಳಗೆ ನೋಡಿದರು, ರಾಗಿ ಮೂಟೆ ಸರಿಸಿ ನೋಡಿದರು, ಕೋಳಿಗೂಡಿನಲ್ಲೂ ನೋಡಿದರು. ನನಗೆ ಅರ್ಥವಾಯಿತು. ಬಾಯಿ ಬಿಡಲಿಲ್ಲ.

"ತಳ್ರೋ!" ಎಂದು ಮುನಿರಾಮಯ್ಯ ಕೂಗಿದ. ಅಂಗಳದಿಂದ ಬೀದಿಗೆ ಏರು. ನೆಂಟರು ಮುಕ್ಕಿರಿದು ತಳ್ಳಿದರು. ನಿಂಬೆಹಣ್ಣು ಕೂಡ ಅಪ್ಪಚ್ಚಿಯಾಗಲಿಲ್ಲ. "ಬೀಸೋಕಲ್ಲು ಇಳ್ಸಯ್ಯ" ಎಂದು ಯಾರೋ ಬೈದರು.

ಆಗ ಬೀದಿಯ ಕೊನೆಯಲ್ಲಿ, ಸೈಟಿನ ಕಲ್ಲಿನ ಮೇಲೆ ಕೂತಿದ್ದವಳು ಎದ್ದಳು. ತಲೆ ಮೇಲೆ ಗಂಟು, ಕೈಯಲ್ಲಿ ಹ್ಯಾಂಡ್ಲು. ಬೀದಿಯ ನಡುವೆ ನೆಟ್ಟಗೆ ಲಾರಿಯ ಮೂತಿಗೆ ಎದುರಾಗಿ ಬಂದಳು.

"ಅಯ್ಯೋ, ಎದುರು ಬಂದ್ಲು!" ಎಂದು ಒಬ್ಬಳು ಆರತಿ ತಟ್ಟೆಯನ್ನು ಸೆರಗಿನಿಂದ ಮುಚ್ಚಿದಳು.

"ಅಲ್ಲೇ ನಿಂತ್ಕೊಳೇ! ಹ್ಯಾಂಡ್ಲು ಕೆಳಗಿಟ್ಟು ಹಿಂದ್ಗಡೆಯಿಂದ ಬಾ!" ಮುನಿರಾಮಯ್ಯನ ಕುತ್ತಿಗೆಯ ನರ ಉಬ್ಬಿತ್ತು.

"ಲಾರಿ ಯಾಕೆ ಬರ್ಲಿಲ್ಲ ಅಂತ ನೋಡೋಕೆ ಬಂದೆ ಭಾವ."

"ಇವತ್ತು ಲಾರಿ ಹೊರಡಲ್ಲ ಹೋಗೇ!"

"ಬೇಡ ಬಿಡಿ. ಕೋಳಿ ಮೊಟ್ಟೆ ಇಕ್ಲಿ."

ಅವನು ಕೈ ಎತ್ತಿದ. ನಾನು ಸೀಟಿನಿಂದ ಕೆಳಕ್ಕೆ ಹಾರಿದೆ. ಅಷ್ಟರಲ್ಲಿ ಹಿಂದೆ ಪರದೆ ಪರ್ ಎಂದು ಹರಿಯಿತು. ಗಂಗಲಕ್ಷ್ಮಮ್ಮ ಬೆವರಿನಲ್ಲಿ ಮಿಂದು ತಲೆ ಹೊರಗೆ ಹಾಕಿದ್ದಳು.

"ಲೋ ಮುನಿಯಾ! ಕತ್ಲಲ್ಲಿ ತಂದು ತುರುಕಿದ್ಯಲ್ಲೋ ನನ್ನ, ಮೂಟೆ ತುರುಕ್ದಂಗೆ. ನಾನೂ ಕೆಟ್ಟ ಶಕುನಾನೇನೋ? ಚಿಕ್ಕಣ್ಣ ಈ ಲಾರಿ ಮನೆಗೆ ತಂದ ದಿನ ನನ್ನ ಕಣ್ಣು ತಾಕ್ಬಾರ್ದು ಅಂತ ಹಿತ್ಲಲ್ಲಿ ಅವಿತ್ಕೊಂಡಿದ್ದೆ. ಎದುರಿಗೆ ಬರ್ಲಿಲ್ಲ ನಾನು. ಅವನು ಉಳುದ್ನೇನೋ? ಹೇಳೋ, ಉಳುದ್ನಾ?"

ಮುನಿರಾಮಯ್ಯನ ಕೈ ಇಳಿಯಿತು.

"ಹನುಮೀ, ಏನೇ ನೋಡ್ತಾ ನಿಂತಿದೀಯ? ಹೊಡಿಯೇ" ಅಂದಳು ಮುದುಕಿ.

ಹನುಮಕ್ಕ ಗಂಟು ಇಳಿಸಿ, ಸೆರಗು ಸೊಂಟಕ್ಕೆ ಬಿಗಿದಳು. ನಾನು ಹತ್ತಿ ಕೂತೆ. ಅವಳು ಹ್ಯಾಂಡ್ಲು ತೂರಿಸಿ, ಹೆಬ್ಬೆರಳು ಹೊರಗಿಟ್ಟು ಎಳೆದಳು. ಎಂಜಿನ್ ತಿರುಗಿ ಒದೆಯಿತು. ಅವಳ ಬಾಯಿಂದ ಒಂದು ಬೈಗುಳ ಬಂತು. ಅದು ಎಂಜಿನ್ನಿಗೋ, ಭಾವನಿಗೋ, ಸತ್ತ ಚಿಕ್ಕಣ್ಣನಿಗೋ ಗೊತ್ತಿಲ್ಲ. ಮತ್ತೆ ಎಳೆದಳು. ಲಾರಿ ಎದ್ದಿತು.

ಅವಳು ಹಿಂದಕ್ಕೆ ಹೋಗಲಿಲ್ಲ. ಮುಂದಿನ ಬಾಗಿಲು ತೆಗೆದು, ಸೀಟಿನ ಮೇಲಿದ್ದ ಟವಲು ಎತ್ತಿ ಮುನಿರಾಮಯ್ಯನ ಕೈಗೆ ಕೊಟ್ಟಳು. ಹತ್ತಿ ಕೂತಳು. ನೆಂಟರಲ್ಲಿ ಅರ್ಧ ಜನ ತಮ್ಮ ಗಂಟು ಇಳಿಸಿಕೊಂಡು ನಿಂತರು, ನಾವು ಬರಲ್ಲ ಅಂದರು. ಮುನಿರಾಮಯ್ಯ ಅವರ ಮುಖ ನೋಡಿದ, ತಾಯಿಯ ಮುಖ ನೋಡಿದ, ಹಿಂದಕ್ಕೆ ಹೋಗಿ ರಾಗಿ ಮೂಟೆ ಮೇಲೆ ಕೂತ. ನಾನು ಗೇರ್ ಹಾಕಿದೆ. ನಿಂಬೆಹಣ್ಣು ಅಪ್ಪಚ್ಚಿಯಾಯಿತು.

ಯಶವಂತಪುರ ದಾಟಿದೆವು. ಹೆಬ್ಬಾಳದ ಕೆರೆ ಏರಿ ಬಂತು. ಬಿಸಿಲು ಸುಡುತ್ತಿತ್ತು. ತನ್ನನ್ನು ನಿಲ್ಲಿಸಬೇಕೆಂದಿದ್ದ ಜಾಗವನ್ನು ಹನುಮಕ್ಕ ಕಿಟಕಿಯಿಂದ ನೋಡಿದಳು. ಅವಳ ಮಣಿಕಟ್ಟು ಊದಿತ್ತು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನೋಡಣ್ಣಾ" ಅಂದಳು, ಹಿಂದಿದ್ದವರಿಗೂ ಕೇಳುವ ಹಾಗೆ. "ಒಂದು ಮರದ ನೆರಳಾದ್ರೂ ಇದೆಯಾ ಇಲ್ಲಿ?"

ನಾನು ನಿಲ್ಲಿಸದೆ ಓಡಿಸಿದೆ.